ಬೀಡಿ ಬಿಟ್ಟ ಮೇಲೆ ಮೈ ಏನ್ ಮಾಡುತ್ತೆ? (ಒಂದು ಹಳೇ ಲೆಕ್ಕದ ಕಥೆ, 9 ಭಾಗ)

ಭಾಗ 1/9

ಫೋಟೋದಲ್ಲಿ ಇರೋದು ನಮ್ಮಪ್ಪನ ಶರ್ಟು. ಎಡಗಡೆ ಜೇಬು ನೋಡಿ. ಬೀಡಿ ಕಟ್ಟು ಇಟ್ಟು ಇಟ್ಟು ಬಟ್ಟೆ ಅದೇ ಆಕಾರಕ್ಕೆ ಜೋತು ಬಿದ್ದಿದೆ. ಇವತ್ತಿಗೆ 41 ದಿನ ಆಯ್ತು, ಆ ಜೇಬು ಖಾಲಿ.

ಅಪ್ಪಂಗೆ ಈಗ 50. ಬೀಡಿ ಹಿಡಿದಾಗ 17. ನಮ್ಮ ಪಾಲಹಳ್ಳಿಯಲ್ಲಿ ಹೊಗೆ ಅಂದ್ರೆ ಯಾರೂ ಹೆದರೋದಿಲ್ಲ. 1847ರಲ್ಲೇ ಇಲ್ಲಿ ಬೆಲ್ಲವನ್ನ ಸಕ್ಕರೆ ಮಾಡೋಕೆ ಅಷ್ಟಗ್ರಾಮ ಸಕ್ಕರೆ ಕಾರ್ಖಾನೆ ಶುರುವಾಗಿತ್ತು. ಇವತ್ತಿಗೂ ಈ ಕಡೆ ಕಬ್ಬು ಕಡಿಯೋ ಕಾಲ ಬಂದ್ರೆ ಆಲೆಮನೆ ಹೊಗೆ ಇದ್ದಿದ್ದೇ. ಬೀಡಿ ಬಿಡು ಅಂದಾಗೆಲ್ಲ ಅಪ್ಪನ ಉತ್ತರ ಒಂದೇ: "ಆಲೆಮನೆ ಹೊಗೆ ಕುಡ್ಕೊಂಡು ಬೆಳ್ದೋರು ಕಣವ್ವ ನಾವು. ಬೀಡಿ ಹೊಗೆ ಯಾವ ಲೆಕ್ಕ?"

ಅಂತೂ ಬಿಟ್ರು. ಆದ್ರೆ ಹೋದ ವಾರ ರಾತ್ರಿ ಕೆಮ್ಮಿ ಕೆಮ್ಮಿ ಸುಸ್ತಾಗಿ ಜಗುಲಿ ಮೇಲೆ ಕೂತು ಒಂದು ಮಾತು ಹೇಳಿದ್ರು: "ಸೇದ್ತಿದ್ದಾಗ ಇಷ್ಟು ಕೆಮ್ಮು ಇರ್ನಿಲ್ಲ. ಆಗೋದೆಲ್ಲ ಆಗೋಗದೆ ಕಣವ್ವ. ಇನ್ನ ಬಿಟ್ಟು ಏನ್ ಸುಖ?"

ನನ್ನ ಹತ್ರ ಉತ್ತರ ಇರ್ಲಿಲ್ಲ. ಸೇದಿದ್ರೆ ಕೆಡುತ್ತೆ ಅಂತ ಎಲ್ಲರಿಗೂ ಗೊತ್ತು, ಸಿನಿಮಾ ಶುರುವಾಗೋ ಮುಂಚೆ ಥಿಯೇಟರ್‌ನಲ್ಲೇ ಹೇಳ್ತಾರೆ. ಆದ್ರೆ ಬಿಟ್ರೆ ಸರಿ ಹೋಗುತ್ತಾ? ಎಷ್ಟು? ಎಷ್ಟು ದಿನಕ್ಕೆ? ಇದನ್ನ ಯಾರೂ ಸರಿಯಾಗಿ ಹೇಳಿರ್ಲಿಲ್ಲ. ಹುಡುಕುತ್ತಾ ಹೋದೆ. ಆ ಉತ್ತರಕ್ಕೇ ಒಂದು ದೊಡ್ಡ ಇತಿಹಾಸ ಇದೆ ಅಂತ ಗೊತ್ತಾಯ್ತು. ಈ ಸಲದ ಸರಣಿ ಅದರ ಬಗ್ಗೆ.

ಭಾಗ 2/9: ವಿಜಯಪುರದಿಂದ ಆಗ್ರಾಕ್ಕೆ

ತಂಬಾಕು ನಮ್ಮ ದೇಶದ ಗಿಡ ಅಲ್ಲ. ಅಮೆರಿಕ ಖಂಡದ್ದು. ಪೋರ್ಚುಗೀಸರ ಹಡಗುಗಳಲ್ಲಿ ಭಾರತದ ಪಶ್ಚಿಮ ಕರಾವಳಿಗೆ ಬಂತು. ಅಲ್ಲಿಂದ ಒಳನಾಡಿಗೆ.

ಮೊಘಲರ ಆಸ್ಥಾನಕ್ಕೆ ಇದನ್ನ ತಗೊಂಡು ಹೋಗಿದ್ದು ಎಲ್ಲಿಂದ ಗೊತ್ತಾ? ನಮ್ಮ ಕರ್ನಾಟಕದ ಬಿಜಾಪುರದಿಂದ, ಅಂದ್ರೆ ಇವತ್ತಿನ ವಿಜಯಪುರದಿಂದ. ಎರಡನೇ ಇಬ್ರಾಹಿಂ ಆದಿಲ್ ಶಾಹಿ ಆಳ್ತಿದ್ದ ಕಾಲ. ಅಕ್ಬರ್ ಕಳಿಸಿದ್ದ ಅಸದ್ ಬೇಗ್ ಅನ್ನೋ ಅಧಿಕಾರಿ ಅಲ್ಲಿ ತಂಬಾಕು ನೋಡಿ ಬೆರಗಾದ. ಸುಮಾರು 1604ರಲ್ಲಿ ಚೆಂದದ ಒಂದು ಕೊಳವೆ ಮಾಡಿಸಿ, ತಂಬಾಕಿನ ಜೊತೆ ಅಕ್ಬರನ ಮುಂದೆ ಇಟ್ಟ. ಈ ಕಥೆ ಬರೆದಿಟ್ಟಿರೋದೂ ಅವನೇ.

ಅಕ್ಬರ್ ಒಂದೆರಡು ದಮ್ ಎಳೆದ. ಆಸ್ಥಾನದ ಹಕೀಮರು ತಡೆದ್ರು. ಅವರ ವಾದ ತುಂಬಾ ಸರಳ: ಇದು ಹೊಸ ವಸ್ತು, ನಮ್ಮ ವೈದ್ಯರು ಯಾರೂ ಪರೀಕ್ಷೆ ಮಾಡಿಲ್ಲ, ಬೇಡ. ಯುರೋಪಿನವರು ಬಳಸ್ತಾರಲ್ಲ, ಅವರೇನು ದಡ್ಡರಾ ಅಂತ ಅಸದ್ ಬೇಗ್ ತಿರುಗಿ ವಾದ ಮಾಡಿದ. ಗೆದ್ದಿದ್ದು ಯಾರು ಅಂತ ನಮಗೆ ಗೊತ್ತು. ಆಸ್ಥಾನದ ದೊಡ್ಡ ಮನುಷ್ಯರು ಕೇಳಿ ಕೇಳಿ ತರಿಸಿಕೊಂಡ್ರು, ವ್ಯಾಪಾರಿಗಳು ತರೋಕೆ ಶುರು ಮಾಡಿದ್ರು. 1617ರಲ್ಲಿ ಅಕ್ಬರನ ಮಗ ಜಹಾಂಗೀರ್ ನಿಷೇಧ ಹಾಕಿದ. ನಿಷೇಧ ಹೋಯ್ತು, ತಂಬಾಕು ಉಳೀತು.

ಹಕೀಮರ ಪ್ರಶ್ನೆ ಮಾತ್ರ ಹಾಗೇ ಉಳಿದುಬಿಡ್ತು. ಪರೀಕ್ಷೆ ಮಾಡಿದ್ದೀರಾ? ಆ ಪರೀಕ್ಷೆ ಸರಿಯಾಗಿ ಆಗೋಕೆ ಇನ್ನೂ ಸುಮಾರು 350 ವರ್ಷ ಬೇಕಾಯ್ತು.

ಭಾಗ 3/9: ಡಾಕ್ಟರುಗಳ ಮೇಲೇ ಲೆಕ್ಕ

ಎರಡನೇ ಮಹಾಯುದ್ಧ ಮುಗಿದ ಮೇಲೆ ಇಂಗ್ಲೆಂಡಿನಲ್ಲಿ ಶ್ವಾಸಕೋಶದ ಕ್ಯಾನ್ಸರ್ ವಿಪರೀತ ಜಾಸ್ತಿ ಆಯ್ತು. ಯಾಕೆ ಅಂತ ಹುಡುಕೋ ಕೆಲಸ ಇಬ್ಬರಿಗೆ ಬಿತ್ತು. ಒಬ್ಬರು ರಿಚರ್ಡ್ ಡಾಲ್, ಡಾಕ್ಟರ್. ಇನ್ನೊಬ್ಬರು ಆಸ್ಟಿನ್ ಬ್ರಾಡ್‌ಫರ್ಡ್ ಹಿಲ್. ಇವರು ಡಾಕ್ಟರ್ ಅಲ್ಲ, ಅಂಕಿಅಂಶದವರು. (ನಮ್ಮ ಸ್ಟ್ಯಾಟಿಸ್ಟಿಕ್ಸ್ ಪೇಪರ್ ಯಾವ ಕೆಲಸಕ್ಕೆ ಬರುತ್ತೆ ಅಂತ ಕೇಳೋರು ಇಲ್ಲಿ ನೋಡಿ.)

ಡಾಲ್‌ಗೆ ಮೊದಲು ಅನುಮಾನ ಇದ್ದಿದ್ದು ರಸ್ತೆಗೆ ಹಾಕೋ ಟಾರು ಮತ್ತು ಗಾಡಿಗಳ ಹೊಗೆ ಮೇಲೆ. ಲಂಡನ್ನಿನ ಆಸ್ಪತ್ರೆಗಳಲ್ಲಿ ರೋಗಿಗಳನ್ನ ಕೇಳ್ತಾ ಕೇಳ್ತಾ ಹೋದ ಹಾಗೆ ಲೆಕ್ಕ ಸಿಗರೇಟಿನ ಕಡೆ ವಾಲಿತು. ಡಾಲ್ ಆಗ ಸ್ವತಃ ಸೇದ್ತಿದ್ರು. ತಮ್ಮದೇ ಅಂಕಿ ನೋಡಿ ಬಿಟ್ಟುಬಿಟ್ರು. 1950ರಲ್ಲಿ ಇದು ಪ್ರಕಟ ಆಯ್ತು.

ಜನ ನಂಬಲಿಲ್ಲ. ಅದಕ್ಕೆ 1951ರಲ್ಲಿ ಇಬ್ಬರೂ ಬ್ರಿಟನ್ನಿನ ಡಾಕ್ಟರುಗಳಿಗೇ ಕಾಗದ ಬರೆದ್ರು: ನೀವು ಸೇದ್ತೀರಾ, ಎಷ್ಟು, ಬಿಟ್ಟಿದ್ದೀರಾ? ಸುಮಾರು 40,000 ಡಾಕ್ಟರುಗಳು ಉತ್ತರ ಕೊಟ್ರು. ಅದರಲ್ಲಿ 34,439 ಗಂಡಸರನ್ನ 50 ವರ್ಷ ಹಿಂಬಾಲಿಸಿದ್ರು. ಯಾರು ಬದುಕಿದ್ದಾರೆ, ಯಾರು ಹೋದ್ರು, ಯಾವ ಕಾಯಿಲೆಗೆ.

ಇಲ್ಲೇ ಒಂದು ಮುಖ್ಯವಾದ ವಿಷಯ ಆಗಿದ್ದು. ವರದಿಗಳನ್ನ ಓದಿದ ಡಾಕ್ಟರುಗಳೇ ಒಬ್ಬೊಬ್ಬರಾಗಿ ಸಿಗರೇಟು ಬಿಡೋಕೆ ಶುರು ಮಾಡಿದ್ರು. ಕೆಲವರು 30ಕ್ಕೆ, ಕೆಲವರು 50ಕ್ಕೆ, ಕೆಲವರು 60ಕ್ಕೆ. ಹಾಗಾಗಿ ಸೇದೋರ ಲೆಕ್ಕದ ಪಕ್ಕದಲ್ಲೇ ಬಿಟ್ಟವರ ಲೆಕ್ಕಾನೂ ಬೆಳೀತು. ಅಪ್ಪ ಕೇಳಿದ ಪ್ರಶ್ನೆಗೆ ಉತ್ತರ ಇದ್ದಿದ್ದು ಅಲ್ಲಿ.

ಭಾಗ 4/9: 3, 6, 9, 10

50 ವರ್ಷದ ಲೆಕ್ಕ 2004ರಲ್ಲಿ ಹೊರಗೆ ಬಂತು. ಡಾಲ್‌ಗೆ ಆಗ 91 ವರ್ಷ. ಮರುವರ್ಷ ತೀರಿಕೊಂಡ್ರು.

ಜೀವನಪೂರ್ತಿ ಸೇದಿದವರು ಸೇದದವರಿಗಿಂತ ಸರಾಸರಿ 10 ವರ್ಷ ಮುಂಚೆ ಸತ್ತಿದ್ರು. ಬಿಟ್ಟವರ ಲೆಕ್ಕ ಹೀಗಿತ್ತು:

60ರಲ್ಲಿ ಬಿಟ್ಟವರಿಗೆ ಸುಮಾರು 3 ವರ್ಷ ವಾಪಸ್.
50ರಲ್ಲಿ ಬಿಟ್ಟವರಿಗೆ 6 ವರ್ಷ.
40ರಲ್ಲಿ ಬಿಟ್ಟವರಿಗೆ 9.
30ರಲ್ಲಿ ಬಿಟ್ಟವರಿಗೆ 10. ಅಂದ್ರೆ ಹೆಚ್ಚು ಕಡಿಮೆ ಎಲ್ಲಾನೂ.

ಇದು ಸರಾಸರಿ, ಒಬ್ಬೊಬ್ಬರ ಜಾತಕ ಅಲ್ಲ. ಆದ್ರೂ ಅಪ್ಪನ ಸಾಲು ನೋಡಿ. 50. ಆ ಸಾಲಿನ ಮುಂದೆ ಸೊನ್ನೆ ಇಲ್ಲ, 6 ಇದೆ.

"ಆಗೋದೆಲ್ಲ ಆಗೋಗದೆ" ಅನ್ನೋ ಮಾತಿಗೆ ನಮ್ಮ ಪಾಠದಲ್ಲಿ ಒಂದು ಹೆಸರಿದೆ, ಸಂಕ್ ಕಾಸ್ಟ್. ಹೋದ ದುಡ್ಡು ಹೋಯ್ತು, ಅದನ್ನ ನೋಡ್ಕೊಂಡು ಮುಂದಿನ ತೀರ್ಮಾನ ಮಾಡಬಾರದು ಅಂತ ಮೊದಲ ವರ್ಷದಲ್ಲೇ ಹೇಳಿಕೊಡ್ತಾರೆ. ಬೋರ್‌ವೆಲ್‌ಗೆ ಆಗಲೇ ಇಷ್ಟು ಸುರಿದಿದ್ದೀವಿ ಅಂತ ನೀರಿಲ್ಲದ ಜಾಗದಲ್ಲೇ ಇನ್ನೂ ಕೊರೆಸೋರು ನಮ್ಮೂರಲ್ಲೂ ಇದ್ದಾರೆ. ಅಪ್ಪ 33 ವರ್ಷ ಸೇದಿದ್ದು ಹೋದ ಖರ್ಚು. ಕೇಳಬೇಕಾದ್ದು 34ನೇ ವರ್ಷ ಏನ್ ಮಾಡಬೇಕು ಅಂತ ಮಾತ್ರ.

ಭಾಗ 5/9: ಮೈಯೊಳಗಿನ ಗಡಿಯಾರ

ವರ್ಷದ ಲೆಕ್ಕ ಆಯ್ತು. ಮೈಯೊಳಗೆ ಏನಾಗುತ್ತೆ? ಅಮೆರಿಕದ ಸರ್ಜನ್ ಜನರಲ್ 1964ರಲ್ಲಿ ಸೇದೋದರಿಂದ ಆಗೋ ಕೇಡಿನ ಬಗ್ಗೆ ದೊಡ್ಡ ವರದಿ ಕೊಟ್ಟಿದ್ರು. ಬಿಟ್ಟರೆ ಆಗೋ ಲಾಭಕ್ಕೇ ಅಂತ ಒಂದು ಇಡೀ ವರದಿ ಬಂದಿದ್ದು 1990ರಲ್ಲಿ, ಆಮೇಲೆ ಮತ್ತೆ 2020ರಲ್ಲಿ. ಅವುಗಳಿಂದ ಗೊತ್ತಾಗೋದು ಇದು:

ಕೊನೇ ಬೀಡಿ ಆರಿದ ಕೆಲವೇ ನಿಮಿಷಕ್ಕೆ ಎದೆಬಡಿತ ಇಳಿಯೋಕೆ ಶುರು.

ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಇರುತ್ತೆ. ರಕ್ತದಲ್ಲಿ ಆಮ್ಲಜನಕ ಕೂರಬೇಕಾದ ಸೀಟಲ್ಲಿ ಅದು ಬಂದು ಕೂತ್ಕೊಳ್ಳುತ್ತೆ. ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ 200ಕ್ಕೂ ಹೆಚ್ಚು ಪಟ್ಟು ಬಲವಾಗಿ ಅದನ್ನ ಹಿಡಿದುಕೊಳ್ಳುತ್ತೆ. ಬಿಟ್ಟ ಮೇಲೆ ಕೆಲವು ದಿನದಲ್ಲಿ ಆ ಸೀಟೆಲ್ಲ ಖಾಲಿಯಾಗಿ ಸೇದದವರ ಮಟ್ಟಕ್ಕೆ ಬರುತ್ತೆ.

ನಿಕೋಟಿನ್ ಸುಮಾರು 24 ಗಂಟೆಯಲ್ಲಿ ರಕ್ತದಿಂದ ಹೋಗಿಬಿಡುತ್ತೆ. ಆದ್ರೆ ಮಿದುಳು ಅದನ್ನ ಕೇಳ್ತಾನೇ ಇರುತ್ತೆ. ಮೊದಲ ಮೂರ್ನಾಲ್ಕು ದಿನ ಬಹಳ ಕಷ್ಟ. ಸಿಡುಕು, ನಿದ್ದೆ ಬರಲ್ಲ, ಹಸಿವು ಜಾಸ್ತಿ. (ನಮ್ಮನೆಯಲ್ಲಿ ಆ ವಾರ ಟಿವಿ ರಿಮೋಟ್ ಮುರೀತು. ಜಾಸ್ತಿ ಕೇಳಬೇಡಿ.) ಮೂರ್ನಾಲ್ಕು ವಾರಕ್ಕೆ ಬಹುತೇಕರಿಗೆ ತಣ್ಣಗಾಗುತ್ತೆ.

1ರಿಂದ 12 ತಿಂಗಳಲ್ಲಿ ಕೆಮ್ಮು, ಏದುಸಿರು ಕಡಿಮೆ.
1ರಿಂದ 2 ವರ್ಷದಲ್ಲಿ ಹೃದಯಾಘಾತದ ಅಪಾಯ ಜೋರಾಗಿ ಇಳಿಯುತ್ತೆ.
5ರಿಂದ 10 ವರ್ಷದಲ್ಲಿ ಬಾಯಿ, ಗಂಟಲು ಕ್ಯಾನ್ಸರಿನ ಹೆಚ್ಚುವರಿ ಅಪಾಯ ಅರ್ಧ.
10ರಿಂದ 15 ವರ್ಷದಲ್ಲಿ ಶ್ವಾಸಕೋಶ ಕ್ಯಾನ್ಸರಿನ ಹೆಚ್ಚುವರಿ ಅಪಾಯ ಅರ್ಧ.
15 ವರ್ಷಕ್ಕೆ ಹೃದಯದ ಅಪಾಯ ಸೇದದವರ ಹತ್ತಿರಕ್ಕೆ.

ಭಾಗ 6/9: ಹಾಗಾದ್ರೆ ಆ ಕೆಮ್ಮು?

ಅಪ್ಪ ವಾಪಸ್ ಬೀಡಿ ಹಚ್ಚೋ ಹಾಗೆ ಮಾಡಿದ್ದು ಈ ಕೆಮ್ಮೇ. ಅದಕ್ಕೆ ಇದನ್ನ ಬೇರೆಯಾಗೇ ಬರೀತಿದ್ದೀನಿ.

ನಮ್ಮ ಶ್ವಾಸನಾಳದ ಒಳಗೋಡೆ ಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ರೋಮಗಳಿವೆ, ಸಿಲಿಯಾ ಅಂತಾರೆ. ಅವು ಹಗಲೂ ರಾತ್ರಿ ಮೇಲ್ಮುಖವಾಗಿ ಅಲ್ಲಾಡ್ತಾ ಧೂಳು, ಕಫಾನ ಗಂಟಲಿನ ಕಡೆ ತಳ್ತಾ ಇರ್ತವೆ. ಬೆಳಗಾಗೆದ್ದು ಅಂಗಳ ಗುಡಿಸೋ ಪೊರಕೆ ಥರ. ಹೊಗೆ ಈ ಪೊರಕೆಯನ್ನ ಮಂಕು ಮಾಡುತ್ತೆ, ಸವೆಸುತ್ತೆ. ಕಸ ಒಳಗೇ ಉಳಿಯುತ್ತೆ.

ಬಿಟ್ಟ ಮೇಲೆ ರೋಮಗಳು ಮತ್ತೆ ಬೆಳೆದು ಕೆಲಸಕ್ಕೆ ಇಳೀತವೆ. ವರ್ಷಗಟ್ಟಲೆ ಗುಡಿಸದ ಅಟ್ಟಕ್ಕೆ ಪೊರಕೆ ಹಾಕಿದ್ರೆ ಮೊದಲು ಧೂಳೇ ಏಳೋದು. ಹಾಗಾಗಿ ಕೆಲವರಿಗೆ ಬಿಟ್ಟ ಮೊದಲ ವಾರಗಳಲ್ಲಿ ಕೆಮ್ಮು, ಕಫ ಜಾಸ್ತಿ ಆಗುತ್ತೆ. ಸೇದ್ತಿದ್ದಾಗ ಇಷ್ಟು ಕೆಮ್ಮು ಇರ್ಲಿಲ್ಲ ಅನ್ನೋ ಅಪ್ಪನ ಮಾತು ಸುಳ್ಳಲ್ಲ. ಆದ್ರೆ ಅವರು ಅದಕ್ಕೆ ಕೊಟ್ಟ ಅರ್ಥ ತಲೆಕೆಳಗು. ಈಗ ಮತ್ತೆ ಹಚ್ಚಿದ್ರೆ ಕೆಮ್ಮು ನಿಲ್ಲಬಹುದು. ಗುಡಿಸೋ ಕೆಲಸಾನೂ ನಿಲ್ಲುತ್ತೆ.

ಒಂದು ಎಚ್ಚರಿಕೆ, ಇದನ್ನ ಬಿಟ್ಟು ಓದಬೇಡಿ. ಕಫದಲ್ಲಿ ರಕ್ತ ಕಂಡ್ರೆ, ತೂಕ ಇಳೀತಿದ್ರೆ, ಸಂಜೆ ಸಂಜೆ ಜ್ವರ ಬರ್ತಿದ್ರೆ, ಕೆಮ್ಮು ವಾರಗಟ್ಟಲೆ ಕಡಿಮೆನೇ ಆಗ್ತಿಲ್ಲ ಅಂದ್ರೆ, ಬಿಟ್ಟಿದ್ದಕ್ಕೇ ಹೀಗೆ ಅಂತ ಸುಮ್ನೆ ಕೂರೋದಲ್ಲ. ಡಾಕ್ಟರ್ ಹತ್ರ ಹೋಗಲೇಬೇಕು. ನಾವೂ ಹೋಗಿ ಕಫ ಪರೀಕ್ಷೆ, ಎಕ್ಸ್‌ರೇ ಎರಡೂ ಮಾಡಿಸಿಕೊಂಡು ಬಂದ್ವಿ.

ಭಾಗ 7/9: ವಾಪಸ್ ಬರದೇ ಇರೋದು

ಎಲ್ಲಾ ಸರಿ ಹೋಗುತ್ತೆ ಅಂತ ಬರೆದು ಲೈಕ್ ತಗೋಬಹುದು. ಆದ್ರೆ ಅದು ನಿಜ ಅಲ್ಲ.

1977ರಲ್ಲಿ ಚಾರ್ಲ್ಸ್ ಫ್ಲೆಚರ್ ಮತ್ತು ರಿಚರ್ಡ್ ಪೀಟೋ ಅನ್ನೋರು ಒಂದು ನಕ್ಷೆ ಪ್ರಕಟಿಸಿದ್ರು. ಲಂಡನ್ನಿನ ಕೆಲಸಗಾರ ಗಂಡಸರ ಉಸಿರಿನ ಬಲವನ್ನ ಸುಮಾರು ಎಂಟು ವರ್ಷ ಅಳೆದಿದ್ರು. ವಯಸ್ಸಾಗ್ತಾ ಎಲ್ಲರಿಗೂ ಉಸಿರಿನ ಬಲ ನಿಧಾನವಾಗಿ ಇಳಿಯುತ್ತೆ. ಹೊಗೆಗೆ ಬೇಗ ಪೆಟ್ಟು ತಿನ್ನೋ ಮೈಯಾದ್ರೆ ತುಂಬಾ ವೇಗವಾಗಿ ಇಳಿಯುತ್ತೆ. ಬಿಟ್ಟ ಮೇಲೆ ಹೋದ ಬಲ ಪೂರ್ತಿ ವಾಪಸ್ ಬರಲ್ಲ. ಆದ್ರೆ ಇಳಿಯೋ ವೇಗ ಸೇದದವರ ವೇಗಕ್ಕೆ ಬಂದು ನಿಲ್ಲುತ್ತೆ.

ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ಇದು ಸವಕಳಿ ಲೆಕ್ಕ. ಎಲ್ಲಾ ಮಿಷಿನ್‌ಗೂ ವರ್ಷಕ್ಕೆ ಇಷ್ಟು ಅಂತ ಸವಕಳಿ ಇದ್ದೇ ಇದೆ. ಒಂದು ಮಿಷಿನ್ ಮಾತ್ರ ಮೂರು ಪಟ್ಟು ಸವೀತಿದ್ರೆ, ಅದನ್ನ ತಡೆದ ಮೇಲೂ ಹಿಂದೆ ಕಳೆದದ್ದು ಪುಸ್ತಕಕ್ಕೆ ವಾಪಸ್ ಬರಲ್ಲ. ಆದ್ರೆ ಇನ್ನು ಮುಂದೆ ಮಾಮೂಲಿ ದರ. ಆ ಮಿಷಿನ್ ಇನ್ನೂ ಎಷ್ಟು ವರ್ಷ ಓಡುತ್ತೆ ಅನ್ನೋದು ಯಾವತ್ತು ತಡೆದ್ವಿ ಅನ್ನೋದರ ಮೇಲೆ ನಿಂತಿದೆ. ಶ್ವಾಸಕೋಶದ ಗಾಳಿಚೀಲಗಳ ಗೋಡೆ ಒಮ್ಮೆ ಹರಿದು ಹೋದ್ರೆ ಮತ್ತೆ ಕಟ್ಟಲ್ಲ. ಅಪ್ಪ ಮತ್ತೆ 17ರ ಹುಡುಗನ ಥರ ಓಡಲ್ಲ. ಇದನ್ನ ಅವರಿಗೂ ಹೇಳಿದೆ. ಸುಳ್ಳು ಹೇಳಿ ಆಸೆ ಹುಟ್ಟಿಸಿದ್ರೆ ಆರು ತಿಂಗಳಿಗೆ ಗೊತ್ತಾಗುತ್ತೆ, ಆಮೇಲೆ ನನ್ನ ಯಾವ ಮಾತೂ ನಡೆಯಲ್ಲ.

ಭಾಗ 8/9: ಕೂಳೆ

ಈ ಫೋಟೋ ನಮ್ಮ ಗದ್ದೆದು. ಕಬ್ಬು ಕಡಿದು ಹಾಕಿದ ಮೇಲೆ ಬುಡದಿಂದ ಬಂದ ಕೂಳೆ.

2020ರಲ್ಲಿ ನೇಚರ್ ಪತ್ರಿಕೆಯಲ್ಲಿ ಬ್ರಿಟನ್ನಿನ ಒಂದು ಸಂಶೋಧನೆ ಬಂತು. 16 ಜನರ ಶ್ವಾಸನಾಳದ ಜೀವಕೋಶಗಳನ್ನ ಒಂದೊಂದಾಗಿ ಓದಿದ್ರು. ಸೇದೋರು, ಬಿಟ್ಟವರು, ಯಾವತ್ತೂ ಸೇದದವರು, ಮಕ್ಕಳು. ಸೇದೋರ ಜೀವಕೋಶಗಳಲ್ಲಿ ಬಹುಪಾಲು ಹಾನಿಯ ಗುರುತು ತುಂಬಿತ್ತು, ಇದು ನಿರೀಕ್ಷೆ ಇದ್ದಿದ್ದೇ. ಆಶ್ಚರ್ಯ ಆಗಿದ್ದು ಬಿಟ್ಟವರಲ್ಲಿ. ಅವರ ಶ್ವಾಸನಾಳದಲ್ಲಿ ಹೊಗೆಯೇ ಮುಟ್ಟಿಲ್ಲವೇನೋ ಅನ್ನೋ ಹಾಗಿದ್ದ ಜೀವಕೋಶಗಳು ಇದ್ವು. ಈಗಲೂ ಸೇದ್ತಿರೋರಿಗೆ ಹೋಲಿಸಿದ್ರೆ ನಾಲ್ಕು ಪಟ್ಟಿನವರೆಗೆ ಹೆಚ್ಚು.

ಹಾಳಾದ ಜೀವಕೋಶ ರಿಪೇರಿ ಆಗಿದ್ದಲ್ಲ ಅದು. ಎಲ್ಲೋ ಮೂಲೆಯಲ್ಲಿ ಒಂದಿಷ್ಟು ಚೆನ್ನಾಗಿರೋ ಜೀವಕೋಶ ಉಳಿದಿರುತ್ತೆ, ಹೊಗೆ ನಿಂತ ಮೇಲೆ ಅವು ಬೆಳೆದು ಹಾಳಾದ ಜಾಗವನ್ನ ತುಂಬ್ತಾ ಬರ್ತವೆ ಅಂತ ಸಂಶೋಧಕರ ವಿವರಣೆ.

ಇದನ್ನ ಅಪ್ಪಂಗೆ ಹೇಳೋಕೆ ನಾನು ಒದ್ದಾಡ್ತಿದ್ದೆ. ಅವರೇ ಹೇಳಿದ್ರು: "ಕೂಳೆ ಥರ ಅನ್ನು." ಹೌದು. ಕಡಿದ ಜಲ್ಲೆ ವಾಪಸ್ ಬರಲ್ಲ. ಬುಡ ಬದುಕಿದ್ರೆ ಹೊಸ ಕಬ್ಬು ಬರುತ್ತೆ. ಬುಡಾನೇ ಸುಟ್ಟು ಹೋಗೋವರೆಗೂ ಕಾಯಬಾರದು ಅಷ್ಟೇ.

ಭಾಗ 9/9: ನಮ್ಮ ಪಾಲಿನ ಲೆಕ್ಕ

ಬೀಡಿ ಹಗುರ, ಸಿಗರೇಟು ಮಾತ್ರ ಕೆಟ್ಟದ್ದು ಅನ್ನೋ ಮಾತು ನಮ್ಮ ಕಡೆ ಇದೆ. ಭಾರತದ 11 ಲಕ್ಷ ಮನೆಗಳನ್ನ ಒಳಗೊಂಡ ಒಂದು ದೊಡ್ಡ ಅಧ್ಯಯನ 2008ರಲ್ಲಿ ಬಂತು, ಪ್ರಭಾತ್ ಝಾ ಮತ್ತು ಸಂಗಡಿಗರದ್ದು. ಅದರ ಪ್ರಕಾರ ಬೀಡಿ ಸೇದೋ ಗಂಡಸರು ಸರಾಸರಿ 6 ವರ್ಷ, ಸಿಗರೇಟು ಸೇದೋರು 10 ವರ್ಷ ಕಳ್ಕೋತಾರೆ. ಕಾರಣಗಳಲ್ಲಿ ಹೃದಯದ ಕಾಯಿಲೆ ಜೊತೆಗೆ ಕ್ಷಯವೂ ಇದೆ. ಬೀಡಿಯಲ್ಲಿ ತಂಬಾಕು ಕಡಿಮೆ ನಿಜ. ಆದ್ರೆ ಅದು ಆರಿಹೋಗದಿರೋಕೆ ಜೋರಾಗಿ, ಪದೇ ಪದೇ ಎಳೀಬೇಕು. 6 ವರ್ಷ ಹಗುರ ಅಲ್ಲ.

ತಂಬಾಕು ಬೆಳೆಯೋ ಹುಣಸೂರು, ಪಿರಿಯಾಪಟ್ಟಣ ನಮಗೇನು ದೂರ ಅಲ್ಲ. ಅಲ್ಲಿಂದ ಬರೋ ಕ್ಲಾಸ್‌ಮೇಟ್‌ಗಳ ಫೀಸು ಆ ಬೆಳೆಯಿಂದಲೇ ಕಟ್ಟಿರೋದು. ಅವರ ಮೇಲೆ ನನಗೆ ಸಿಟ್ಟಿಲ್ಲ. ಬೆಳೆಯೋರ ಕಷ್ಟ ಬೇರೆ, ಸೇದೋರ ಕಷ್ಟ ಬೇರೆ.

ಈಗ ನಮ್ಮ ವಿಷಯ. 2025ರಲ್ಲಿ ಜಾರಿಗೆ ಬಂದ ಕರ್ನಾಟಕದ ತಿದ್ದುಪಡಿ ಪ್ರಕಾರ 21 ತುಂಬದವರಿಗೆ ಸಿಗರೇಟು, ಬೀಡಿ ಮಾರೋ ಹಾಗಿಲ್ಲ. ಬಿಡಿ ಬಿಡಿಯಾಗಿ ಮಾರೋ ಹಾಗಿಲ್ಲ. ಕಾಲೇಜಿನಿಂದ 100 ಮೀಟರ್ ಒಳಗೆ ಮಾರೋ ಹಾಗಿಲ್ಲ. ನನಗೆ 20. ನಮ್ಮ ಕ್ಲಾಸಿನ ಬಹುತೇಕರಿಗೂ ಅಷ್ಟೇ. ಆದ್ರೂ ಮಧ್ಯಾಹ್ನ ಟೀ ಅಂಗಡಿ ಹಿಂದೆ ಯಾರ್ಯಾರು ನಿಂತಿರ್ತಾರೆ ಅಂತ ನಿಮಗೂ ಗೊತ್ತು, ನನಗೂ ಗೊತ್ತು.

ಅವರಲ್ಲಿ ಒಬ್ಬ ನಾಲ್ಕನೇ ಭಾಗ ಓದಿ ಮೆಸೇಜ್ ಹಾಕಿದ್ದ: "30ಕ್ಕೆ ಬಿಟ್ರೂ 10 ವರ್ಷ ವಾಪಸ್ ಬರುತ್ತಲ್ವಾ, ಇನ್ನೂ ಟೈಮ್ ಇದೆ ಬಿಡು." ಲೆಕ್ಕ ಸರಿ ಇದೆ. ಆದ್ರೆ ಅದು 30ಕ್ಕೆ ಬಿಡೋಕೆ ಆದವರ ಲೆಕ್ಕ. ನಮ್ಮಪ್ಪ ಮದುವೆ ಆದ್ಮೇಲೆ ಬಿಡ್ತೀನಿ ಅಂದಿದ್ರಂತೆ. ನಾನು ಹುಟ್ಟಿದ್ಮೇಲೆ ಅಂದಿದ್ರಂತೆ. ನಾನು ಹೈಸ್ಕೂಲಿಗೆ ಸೇರಿದ್ಮೇಲೆ ಅಂದಿದ್ದನ್ನ ನಾನೇ ಕೇಳಿದ್ದೀನಿ. 9, 10 ಇದ್ದದ್ದು 6ಕ್ಕೆ ಇಳಿದಿದ್ದು ಹಾಗೆ.

ಒಬ್ಬರೇ ಒದ್ದಾಡಬೇಕಿಲ್ಲ. 2002ರಿಂದಲೇ ಬೆಂಗಳೂರಿನ ನಿಮ್ಹಾನ್ಸ್ ಮತ್ತು ಕಿದ್ವಾಯಿಯಲ್ಲಿ ತಂಬಾಕು ಬಿಡಿಸೋ ಕ್ಲಿನಿಕ್‌ಗಳಿವೆ. ಸರ್ಕಾರದ ಉಚಿತ ಸಹಾಯವಾಣಿ 1800-11-2356, ಕನ್ನಡದಲ್ಲೇ ಮಾತಾಡಬಹುದು. ಅಪ್ಪನ ಕೈಲಿ ಫೋನ್ ಮಾಡಿಸಿದ್ದು ಇದಕ್ಕೇ. ಮೊದಲು ಬೈದ್ರು, ಆಮೇಲೆ ಇಪ್ಪತ್ತು ನಿಮಿಷ ಮಾತಾಡಿದ್ರು.

ಮೊನ್ನೆ ಭಾನುವಾರ ಕರಿಘಟ್ಟದ ಮೆಟ್ಟಿಲು ಹತ್ತಿದ್ವಿ. ಹೋದ ವರ್ಷ ಅರ್ಧಕ್ಕೇ ಕೂತು, ನೀವು ಹೋಗಿ ಬನ್ನಿ ಅಂದಿದ್ರು. ಈ ಸಲ ಮೂರು ಕಡೆ ಕೂತ್ರು. ಆದ್ರೆ ಮೇಲಕ್ಕೆ ಬಂದ್ರು. ಕೈ ಮುಗಿದಾದ್ಮೇಲೆ ಅಭ್ಯಾಸಬಲಕ್ಕೆ ಎಡಗಡೆ ಜೇಬಿಗೆ ಕೈ ಹೋಯ್ತು. ಖಾಲಿ ಜೇಬು ಮುಟ್ಟಿ ನೋಡಿ, ನನ್ನ ಕಡೆ ತಿರುಗಿ, "ಇಳಿಯಾನ ನಡಿಯವ್ವ" ಅಂದ್ರು.

ನಿಮ್ಮನೇಲೂ ಯಾರಾದ್ರೂ "ಇನ್ನ ಬಿಟ್ಟು ಏನ್ ಸುಖ" ಅಂತಿದ್ರೆ, ನಾಲ್ಕನೇ ಭಾಗದ ಆ ನಾಲ್ಕು ಸಾಲು ತೋರಿಸಿ. ಅವರ ವಯಸ್ಸಿನ ಸಾಲು ಅವರೇ ಹುಡುಕ್ಕೊಳ್ಳಲಿ.

#ಪಾಲಹಳ್ಳಿ #ಶ್ರೀರಂಗಪಟ್ಟಣ #ಮಂಡ್ಯ #ಇತಿಹಾಸ #ಬೀಡಿಬಿಟ್ಟಕಥೆ